ಅಡಿಕೆ ತೋಟದ ಕಾಲಗಣನೆ ಮತ್ತು ಬದಲಾಗುತ್ತಿರುವ ಮಳೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ಕೃಷಿ ಮಳೆಗಾಲದ ಕ್ರಮವನ್ನು ನಂಬಿ ಬೆಳೆದುಬಂದದ್ದು. ಪಶ್ಚಿಮ ಘಟ್ಟದ ತಪ್ಪಲಿನ ಈ ಸೀಮೆಗೆ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಕುಮಾರಧಾರಾ, ನೇತ್ರಾವತಿ, ಪಯಸ್ವಿನಿ ಹೊಳೆಗಳು ಆಗ ದಡ ಮೀರಿ ಹರಿಯುತ್ತವೆ. ಡಿಸೆಂಬರ್ ಕಳೆದರೆ ಮೇ ತನಕ ತೋಟಕ್ಕೆ ನೀರು ಹಾಯಿಸದೆ ಗತಿಯಿಲ್ಲ. ನೀರಿನ ಅತಿಯನ್ನೂ ಕೊರತೆಯನ್ನೂ ಒಂದೇ ವರ್ಷದಲ್ಲಿ ನಿಭಾಯಿಸುವ ಕ್ರಮವನ್ನು ಇಲ್ಲಿನ ಕೃಷಿಕರು ತಲೆಮಾರುಗಳಿಂದ ರೂಢಿಸಿಕೊಂಡರು. ಕುಮಾರಪರ್ವತದ ಸುತ್ತಿನ ಕಾಡಂಚಿನಲ್ಲಿ ತೋಟ ಎಬ್ಬಿಸಿದವರ ಬದುಕು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕಾದಂಬರಿಯ ವಸ್ತುವಾಗಿದೆ.

ಈ ಕ್ರಮಕ್ಕೆ ತುಳುನಾಡಿನ ಕಾಲಗಣನೆಯೇ ಆಧಾರವಾಗಿತ್ತು. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ. ಅಂದಿಗೆ ಭೂತಕೋಲಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ನಿಲ್ಲುತ್ತವೆ. ಗದ್ದೆ, ತೋಟದ ಕೆಲಸ ಮುನ್ನೆಲೆಗೆ ಬರುತ್ತದೆ. ತೋಟದ ಕಣಿಗಳನ್ನು ಬಿಡಿಸಿ ಮಳೆನೀರು ಹರಿದುಹೋಗಲು ದಾರಿ ಮಾಡುವುದು, ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಮದ್ದು ಬಿಡುವುದು ಈ ಹೊತ್ತಿನ ಕೆಲಸ. ಜುಲೈ–ಆಗಸ್ಟ್‌ನ ಆಟಿ ತಿಂಗಳು ಬಿಡದೆ ಸುರಿಯುವ ಮಳೆಯದು. ಮಳೆ ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ತೋಡುಗಳಿಗೆ ‘ಕಟ್ಟ’ ಹಾಕಿ ನೀರು ನಿಲ್ಲಿಸುತ್ತಿದ್ದರು. ಗುಡ್ಡದ ಮೇಲಿನ ಮದಕಗಳು (ಕೆರೆಗಳು) ಮಳೆನೀರನ್ನು ಇಂಗಿಸುತ್ತಿದ್ದವು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ಬೇಸಿಗೆಯಲ್ಲೂ ನೀರು ಕೊಡುತ್ತಿದ್ದವು. ಚಳಿಗಾಲದ ಬಿಸಿಲಿಗೆ ಅಂಗಳದಲ್ಲಿ ಹಣ್ಣಡಿಕೆ ಹರಡಿ, ನಲವತ್ತು ದಿನಕ್ಕೂ ಹೆಚ್ಚು ಒಣಗಿಸಿದರೆ ಚಾಲಿ ಸಿದ್ಧವಾಗುತ್ತದೆ. ಪ್ರತಿಯೊಂದು ಕೆಲಸಕ್ಕೂ ಋತು ಗೊತ್ತಾಗಿತ್ತು.

ಮಳೆ ಮತ್ತು ಅಡಿಕೆಯ ಸಂಬಂಧವನ್ನು ವಿಜ್ಞಾನ ಮೊದಲು ಅಭ್ಯಸಿಸಿದ್ದು ಕೊಳೆರೋಗದ ಮೂಲಕ. ಕರಾವಳಿಯಲ್ಲಿ ಇದಕ್ಕೆ ಮಹಾಳಿ ಎಂಬ ಹೆಸರೂ ಇದೆ. ಕೆನಡಾ ಮೂಲದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ತೋಟಗಳಲ್ಲಿ ಅಧ್ಯಯನ ಮಾಡಿದರು. ರೋಗಕ್ಕೆ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಕಾರಣವೆಂದು 1910ರ ವರದಿಯಲ್ಲಿ ವಿವರಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ರೂಪುಗೊಂಡಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದವರೂ ಅವರೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದ ಈ ಶೇ. 1ರ ದ್ರಾವಣ ಇಂದಿಗೂ ತೋಟಗಳ ಮುಖ್ಯ ಮದ್ದು. ಅದಕ್ಕೂ ಮೊದಲು ಮಲೆನಾಡಿನಲ್ಲಿ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆನೀರಿನಿಂದ ಕಾಪಾಡುತ್ತಿದ್ದರು.

ಪುತ್ತೂರು ಸೀಮೆ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಮೈಸೂರಿನೊಂದಿಗೆ ಒಂದಾದದ್ದು 1956ರಲ್ಲಿ. ಅದೇ ವರ್ಷ ಪುತ್ತೂರಿಗೆ ಸಮೀಪದ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಮುಂದೆ ಇದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಯಿತು. 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿದ ಮೇಲೆ ಮಾರುಕಟ್ಟೆಯ ಭರವಸೆ ಹೆಚ್ಚಿತು. ಪಂಪು, ಕೊಳವೆಬಾವಿಗಳ ಬಲದಿಂದ ತೋಟಗಳು ಗುಡ್ಡವನ್ನೂ ಏರಿದವು, ಕಟ್ಟಗಳು ಕಡಿಮೆಯಾದವು.

ಇದೇ ಅವಧಿಯಲ್ಲಿ ಜಗತ್ತಿನ ಹವೆಯ ಅಳತೆಗಳೂ ಸ್ಪಷ್ಟವಾಗುತ್ತಾ ಬಂದವು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. ಈಗ 420 ದಾಟಿದೆ. ಮಂಜುಗಡ್ಡೆಯೊಳಗೆ ಸಿಲುಕಿದ ಹಳೆಯ ಗಾಳಿಯ ಪರೀಕ್ಷೆಯಂತೆ, ಕೈಗಾರಿಕಾ ಯುಗಕ್ಕೆ ಮೊದಲು ಈ ಪ್ರಮಾಣ ಸುಮಾರು 280. ಹೊಸದಾಗಿ ಸೇರಿದ ಇಂಗಾಲದ ಐಸೊಟೋಪ್ ಗುರುತು ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಕಡೆಗೇ ಬೊಟ್ಟು ಮಾಡುತ್ತದೆ. 2011–2020ರ ದಶಕದಲ್ಲಿ ಭೂಮಿಯ ಸರಾಸರಿ ತಾಪ 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು.

ಭಾರತದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿ ಕರಾವಳಿಗೆ ಹೆಚ್ಚು ಹತ್ತಿರದ್ದು. ಅದರಂತೆ 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951–2015ರಲ್ಲಿ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇ. 6 ಇಳಿದಿದ್ದು, ಇಳಿಕೆ ಎದ್ದು ಕಂಡ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಒಟ್ಟು ಮಳೆ ಇಳಿದರೂ ಒಮ್ಮೆಗೇ ಸುರಿಯುವ ಮಳೆ ಹೆಚ್ಚುವುದರಲ್ಲಿ ವಿರೋಧವಿಲ್ಲ. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಹೀಗೆ ಮಳೆ ಬಾರದ ದಿನಗಳು ಉದ್ದವಾಗಿ, ಬಂದ ಮಳೆ ಬಿರುಸಾಗುತ್ತದೆ.

ಅಡಿಕೆ ತೋಟಕ್ಕೆ ಇದರ ಪರಿಣಾಮ ನೇರವಾದದ್ದು. ಗಾಳಿಯ ತೇವ ಶೇ. 90 ಮೀರಿ, ತಂಪು ಹವೆಯಲ್ಲಿ ಮಳೆ ಬಿಸಿಲು ಒಂದರ ಹಿಂದೊಂದು ಬಂದರೆ ಕೊಳೆರೋಗ ಹಬ್ಬುತ್ತದೆ. ಮೊದಲ ಮದ್ದಿನ ನಂತರ ಸುಮಾರು ನಲವತ್ತೈದು ದಿನಕ್ಕೆ ಎರಡನೆಯದು ಬೇಕು. ಆಗ ಮಳೆ ಹೊಳವು ಕೊಡದಿದ್ದರೆ ಮದ್ದು ಬಿಡಲಾಗದು. 2013 ಮತ್ತು 2018ರ ಮಳೆಗಾಲಗಳಲ್ಲಿ ಕೊಳೆರೋಗ ದಕ್ಷಿಣ ಕನ್ನಡದ ತೋಟಗಳಿಗೆ ಭಾರೀ ನಷ್ಟ ತಂದಿತು. ಅಕಾಲಿಕ ಮಳೆ ಅಂಗಳದ ಚಾಲಿಯನ್ನು ಕೆಡಿಸುತ್ತದೆ. ಬೇಸಿಗೆಯ ತಾಪ ವಿಪರೀತಕ್ಕೆ ಹೋದರೆ ನಳ್ಳಿ (ಎಳೆಕಾಯಿ) ಉದುರುತ್ತದೆ.

ಗುಡ್ಡ, ಹೊಳೆಗಳ ಮೇಲಿನ ಪರಿಣಾಮ ಇನ್ನೂ ಗಂಭೀರ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಂಗಳೂರು–ಮಡಿಕೇರಿ ಸಂಪರ್ಕ ಕಡಿಯಿತು. 2022ರ ಆಗಸ್ಟ್ ಆರಂಭದಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕ ಪ್ರದೇಶಗಳು ದಿಢೀರ್ ನೆರೆಗೆ ತುತ್ತಾದವು. ಸುಬ್ರಹ್ಮಣ್ಯದಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಇಬ್ಬರು ಹೆಣ್ಣುಮಕ್ಕಳು ಪ್ರಾಣ ಕಳೆದುಕೊಂಡರು. ನೇತ್ರಾವತಿ 1923 ಮತ್ತು 1974ರಲ್ಲೂ ಉಕ್ಕಿ ಊರುಗಳನ್ನು ಮುಳುಗಿಸಿತ್ತು. ಆದ್ದರಿಂದ ಯಾವುದೇ ಒಂದು ನೆರೆಯನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. ದಶಕಗಳ ದಾಖಲೆಯಲ್ಲಿ ಅತಿಮಳೆ ಎಷ್ಟು ಬಾರಿ ಮರುಕಳಿಸುತ್ತಿದೆ ಎಂಬುದೇ ಪುರಾವೆ. ಬೇಸಿಗೆಯ ಹರಿವು ಸೊರಗಿದರೆ ಕುಮಾರಧಾರೆಯಲ್ಲಿ, ತೊಡಿಕಾನ ದೇವಸ್ಥಾನದ ಬಳಿಯ ಹೊಳೆಯಲ್ಲಿ ಭಕ್ತಿಯಿಂದ ಕಾಪಾಡಿಕೊಂಡು ಬಂದ ದೇವರ ಮೀನುಗಳ ಬದುಕೂ ಕಷ್ಟಕ್ಕೆ ಸಿಲುಕುತ್ತದೆ, ಏಕೆಂದರೆ ಅವುಗಳಿಗೆ ಆಮ್ಲಜನಕ ತುಂಬಿದ ತಂಪು ನೀರು ಬೇಕು.

ಎಲ್ಲ ನಷ್ಟಕ್ಕೂ ಹವೆಯೊಂದೇ ಕಾರಣವಲ್ಲ. 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಮರಳಿ ಬಂದ ತಮಿಳರ ಪುನರ್ವಸತಿಗಾಗಿ ಸುಳ್ಯ, ಪುತ್ತೂರು ಭಾಗದ ಅರಣ್ಯಭೂಮಿಯಲ್ಲಿ ಸರ್ಕಾರಿ ರಬ್ಬರ್ ತೋಟಗಳೆದ್ದವು. ಖಾಸಗಿ ರಬ್ಬರ್ ಕೃಷಿಯೂ ಹರಡಿತು. ಗುಡ್ಡಗಳನ್ನು ಯಂತ್ರದಿಂದ ಅಗೆದು ರಸ್ತೆ, ತೋಟ, ಮನೆ ಮಾಡಲಾಯಿತು. ನೀರು ಇಂಗುವ ಜಾಗ ಕುಗ್ಗಿದಲ್ಲಿ ಬಿರುಮಳೆಯ ಹಾನಿಯೂ ಬೇಸಿಗೆಯ ಬರವೂ ಒಟ್ಟಿಗೆ ಹೆಚ್ಚುತ್ತವೆ.

ಹೊಂದಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ನೆಲದಲ್ಲೇ ನಿಂತು ಮದ್ದು ಬಿಡಬಲ್ಲ ಕಾರ್ಬನ್ ಫೈಬರ್ ದೋಟಿಯಿಂದ ಸಿಕ್ಕ ಸಣ್ಣ ಹೊಳವಿನಲ್ಲೇ ಕೆಲಸ ಮುಗಿಸಬಹುದು. ಚಾಲಿ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡುಗಳು ಬಂದಿವೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವನ್ನು ಗ್ರಾಮ ಪಂಚಾಯತ್ ಮಟ್ಟದ ಮಳೆ, ತಾಪದ ಅಳತೆಗಳೇ ನಿರ್ಧರಿಸುತ್ತವೆ. ಹಾಗಾಗಿ ಸರಿಯಾದ ಮಳೆಮಾಪಕ ಕೃಷಿಕನ ಹಕ್ಕಿನ ಪ್ರಶ್ನೆಯೂ ಆಗಿದೆ. ದಶಕಗಳಿಂದ ಮನೆಯಲ್ಲೇ ದಿನದ ಮಳೆ ಅಳೆದು ಬರೆದಿಟ್ಟ ಕೃಷಿಕರು ಸುಳ್ಯ ತಾಲೂಕಿನಲ್ಲಿದ್ದಾರೆ. ಅಂಥ ದಾಖಲೆಗಳನ್ನು ಕಾಪಾಡುವುದು, ಕಟ್ಟ ಮತ್ತು ಮದಕಗಳನ್ನು ಮತ್ತೆ ಬಳಕೆಗೆ ತರುವುದು, ಕಡಿದಾದ ಗುಡ್ಡಗಳನ್ನು ಅಗೆಯದೆ ಉಳಿಸುವುದು ಈ ಮೂರು ತಾಲೂಕುಗಳ ಕೈಯಲ್ಲೇ ಇರುವ ಕೆಲಸ. ಗಾಳಿಗೆ ಸೇರುತ್ತಿರುವ ಇಂಗಾಲವನ್ನು ತಗ್ಗಿಸುವ ಹೊಣೆ ಮಾತ್ರ ಇಡೀ ಜಗತ್ತಿನದು.