ಅಳತೆ ಕೇಳಿ ಹೆಣೆದ ಉಡುಗೊರೆ



ಮಾಗಿಯ ಚಳಿ ಬಿತ್ತೆಂದರೆ ನಮ್ಮ ಹಳ್ಳಿಗಳಲ್ಲಿ ಒಂದು ಟೋಪಿ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ತಲೆ, ಕಿವಿ, ಕತ್ತು ಎಲ್ಲವನ್ನೂ ಮುಚ್ಚಿ ಮುಖವನ್ನಷ್ಟೇ ಹೊರಗೆ ಬಿಡುವ ಉಣ್ಣೆಯ ಟೋಪಿ ಅದು. ಅಕ್ಕಲಕೋಟೆಯ ಕಡೆ ಕಟ್ಟೆಯ ಮೇಲೆ ಕುಳಿತ ಹಿರಿಯರ ತಲೆಯ ಮೇಲೂ ಅದನ್ನು ಕಾಣಬಹುದು, ಊಟಿಯ ಬಸ್ ನಿಲ್ದಾಣದಲ್ಲೂ ಕಾಣಬಹುದು. ನಾವು ಮಂಕಿ ಟೋಪಿ ಎನ್ನುತ್ತೇವೆ, ಮರಾಠಿಯವರು ಮಾಕಡಟೋಪಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಬಾಲಕ್ಲಾವಾ. ಅದು ಒಂದು ಊರಿನ ಹೆಸರು, ಒಂದು ಯುದ್ಧಭೂಮಿಯ ಹೆಸರು. ಈ ಟೋಪಿ ಮೊದಲು ಅಂಗಡಿಯ ಮಾಲಾಗಿ ಬಂದದ್ದಲ್ಲ. ದೂರದಲ್ಲಿದ್ದ ಮಗನಿಗೆ, ಗಂಡನಿಗೆ, ತಮ್ಮನಿಗೆಂದು ಹೆಂಗಸರು ಕೈಯಾರೆ ಹೆಣೆದು ಕಳಿಸಿದ ಉಡುಗೊರೆ ಅದು.

ಕೈಯಿಂದ ಮಾಡಿದ ಉಡುಗೊರೆಗೆ ಬೆಲೆ ಕಟ್ಟಲಾಗದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹಬ್ಬಕ್ಕೆಂದು ತಿಂಗಳುಗಟ್ಟಲೆ ಹೆಣೆದ ಎಷ್ಟೋ ಸ್ವೆಟರುಗಳು ಟ್ರಂಕಿನ ತಳ ಸೇರಿ, ನುಸಿಗುಳಿಗೆಯ ವಾಸನೆಯಲ್ಲೇ ಹಳತಾಗುತ್ತವೆ. ಯಾವ ಉಡುಗೊರೆ ಬಳಕೆಗೆ ಬರುತ್ತದೆ, ಯಾವುದು ಮೂಲೆ ಸೇರುತ್ತದೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. ಆ ಉತ್ತರವನ್ನು ಕಲಿಯಲು ಸಾವಿರಾರು ಸೈನಿಕರ ಕಾಲುಗಳು ನೋಯಬೇಕಾಯಿತು. ಅದನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಮೊದಲು ಹೆಣಿಗೆ ಎಂದರೇನು ನೋಡೋಣ. ನಮ್ಮ ಕಂಬಳಿ ಮಗ್ಗದಲ್ಲಿ ಹುಟ್ಟುತ್ತದೆ. ಅದನ್ನೇ ಮರಾಠಿಯಲ್ಲಿ ಘೋಂಗಡಿ, ತೆಲುಗಿನಲ್ಲಿ ಗೊಂಗಡಿ ಎನ್ನುತ್ತಾರೆ. ಮಗ್ಗದಲ್ಲಿ ಹಾಸು ಒಂದು, ಹೊಕ್ಕು ಒಂದು. ಬಟ್ಟೆ ಚಪ್ಪಟೆಯಾಗಿ, ಗಟ್ಟಿಯಾಗಿ ಬರುತ್ತದೆ. ಹೊದೆಯಲು, ಹಾಸಲು ಅದಕ್ಕೆ ಸಾಟಿಯಿಲ್ಲ. ಆದರೆ ಹಿಮ್ಮಡಿ ಚಪ್ಪಟೆಯಲ್ಲ, ತಲೆ ಚಪ್ಪಟೆಯಲ್ಲ. ಹೆಣಿಗೆಯಲ್ಲಿ ಒಂದೇ ನೂಲನ್ನು ಕಡ್ಡಿಗಳ ಮೇಲೆ ಕುಣಿಕೆ ಕುಣಿಕೆಯಾಗಿ ಜೋಡಿಸುತ್ತಾರೆ. ಕುಣಿಕೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಆದ್ದರಿಂದ ದೇಹದ ಉಬ್ಬುತಗ್ಗುಗಳಿಗೆ ಅದು ಒಗ್ಗುತ್ತದೆ. ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಕಾಲುಚೀಲಗಳು ಮುಖ್ಯವಾದವು. ಅವು ಸುಮಾರು ಒಂದು ಸಾವಿರ ವರ್ಷದಷ್ಟು ಹಳೆಯವು. ಅವು ಹತ್ತಿಯ ನೂಲಿನವು, ನೀಲಿ ಬಿಳಿ ಬಣ್ಣದವು ಎಂದು ಕೇಳಿದರೆ, ಹೆಣಿಗೆ ಎಂದರೆ ಉಣ್ಣೆಯೇ ಎಂದು ತಿಳಿದ ನಮಗೆ ಆಶ್ಚರ್ಯವಾಗುತ್ತದೆ.

ಈಗ ಬಾಲಕ್ಲಾವಾಕ್ಕೆ ಬರೋಣ. ಕಪ್ಪು ಸಮುದ್ರದ ದಂಡೆಯ ಕ್ರೈಮಿಯಾದಲ್ಲಿ ಬ್ರಿಟಿಷರು, ಫ್ರೆಂಚರು ಮತ್ತು ತುರ್ಕರು ಒಂದಾಗಿ ರಷ್ಯನ್ನರ ಮೇಲೆ ಯುದ್ಧಕ್ಕಿಳಿದಿದ್ದರು. ಬಾಲಕ್ಲಾವಾದ ಕಾಳಗ ನಡೆದದ್ದು 1854ರ ಅಕ್ಟೋಬರ್ 25ರಂದು. ಅದಾಗಿ ಮೂರು ವಾರ ತುಂಬುವ ಮೊದಲೇ, ನವೆಂಬರ್ 14ರಂದು ಭಾರೀ ಬಿರುಗಾಳಿ ಎದ್ದಿತು. ಸೈನ್ಯದ ಚಳಿಗಾಲದ ಬಟ್ಟೆಗಳನ್ನು ಹೊತ್ತು ಬಂದಿದ್ದ 'ಪ್ರಿನ್ಸ್' ಎಂಬ ಹಡಗು ಬಂದರಿನ ಬಾಯಲ್ಲೇ ಮುಳುಗಿಹೋಯಿತು. ಆ ಚಳಿಗಾಲದಲ್ಲಿ ಗುಂಡಿಗೆ ಬಲಿಯಾದವರಿಗಿಂತ ರೋಗಕ್ಕೆ, ಚಳಿಗೆ ಬಲಿಯಾದವರೇ ಹೆಚ್ಚು. ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಇಂಗ್ಲೆಂಡಿನ ಹೆಂಗಸರು ಕಡ್ಡಿ ಹಿಡಿದು ಕುಳಿತರು. ಉಣ್ಣೆಯ ಟೋಪಿ, ಕೈಗವಸು, ಮಫ್ಲರುಗಳು ಹಡಗು ಹತ್ತಿದವು. ಟೋಪಿಗೆ ಬಾಲಕ್ಲಾವಾ ಎಂಬ ಹೆಸರು ಅಂಟಿದ್ದು ಮುಂದೆ ಎಷ್ಟೋ ವರ್ಷಗಳ ನಂತರ. ಗುಂಡಿಯಿರುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದೂ ಅದೇ ಕಾಳಗದಲ್ಲಿ ಕುದುರೆ ಪಡೆ ನಡೆಸಿದ ಕಾರ್ಡಿಗನ್ ಪ್ರಭುವಿನಿಂದ.

ಅರವತ್ತು ವರ್ಷಗಳ ನಂತರ, 1914ರ ಆಗಸ್ಟಿನಲ್ಲಿ ಬ್ರಿಟನ್ ಮೊದಲ ಮಹಾಯುದ್ಧಕ್ಕಿಳಿಯಿತು. ಸೈನ್ಯಕ್ಕೆ 3 ಲಕ್ಷ ಉಣ್ಣೆಯ ಸೊಂಟಪಟ್ಟಿ, 3 ಲಕ್ಷ ಜೊತೆ ಕಾಲುಚೀಲ ಬೇಕೆಂದು ರಾಣಿ ಮೇರಿ ದೇಶದ ಹೆಂಗಸರಿಗೆ ಕರೆಕೊಟ್ಟರು. ಈ ಎರಡು ವಸ್ತುಗಳ ಕಥೆಯೇ ನಮ್ಮ ಪ್ರಶ್ನೆಗೆ ಉತ್ತರ.

ಸೊಂಟಪಟ್ಟಿಯ ಮೂಲ ನಮ್ಮ ದೇಶದಲ್ಲೇ ಇದೆ. ಹೊಟ್ಟೆಗೆ ತಂಪು ತಗುಲಿದರೆ ಕಾಲರಾ ಬರುತ್ತದೆ ಎಂದು ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನ್ಯ ನಂಬಿತ್ತು. ಅದಕ್ಕಾಗಿ ಸಿಪಾಯಿಗಳು ಹೊಟ್ಟೆಗೆ 'ಕಾಲರಾ ಪಟ್ಟಿ' ಸುತ್ತಿಕೊಳ್ಳಬೇಕಿತ್ತು. ಕಾಲರಾಕ್ಕೆ ಕಾರಣ ಒಂದು ರೋಗಾಣು, ಅದು ಹರಡುವುದು ಕೆಟ್ಟ ನೀರಿನಿಂದ ಎಂಬುದನ್ನು 1884ರಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯ ಇದೇ ನಮ್ಮ ಕಲ್ಕತ್ತೆಯಲ್ಲಿ ಪರೀಕ್ಷೆ ಮಾಡಿ ತಿಳಿಸಿದ್ದ. ಆದರೂ ಮೂವತ್ತು ವರ್ಷಗಳ ಮೇಲೆ ಪಟ್ಟಿಯ ಬೇಡಿಕೆ ಪಟ್ಟಿಯಲ್ಲೇ ಉಳಿದಿತ್ತು! ಕಂದಕಗಳಲ್ಲಿ ವಾರಗಟ್ಟಲೆ ಸ್ನಾನವಿಲ್ಲದೆ ಇದ್ದವರಿಗೆ ಈ ಪಟ್ಟಿ ಕೂರೆಗಳ ಗೂಡಾಯಿತು. ಹೆಣೆದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಉಟ್ಟವನಿಗೆ ಏನು ಬೇಕೆಂದು ಕೇಳುವವರು ಇರಲಿಲ್ಲ.

ಕಾಲುಚೀಲದ ಕಥೆ ಬೇರೆ. 1914-15ರ ಚಳಿಗಾಲದಲ್ಲಿ ಕಂದಕಗಳಲ್ಲಿ ಮೊಣಕಾಲುದ್ದ ಕೆಸರು ನೀರು ನಿಂತಿತ್ತು. ಒದ್ದೆ ಬೂಟಿನಲ್ಲಿ ದಿನಗಟ್ಟಲೆ ನಿಂತವರ ಪಾದ ಮರಗಟ್ಟಿ, ಊದಿ, ಕೊಳೆಯತೊಡಗಿತು. 'ಟ್ರೆಂಚ್ ಫುಟ್', ಅಂದರೆ ಕಂದಕದ ಕಾಲುಬೇನೆ ಎಂದು ಇದಕ್ಕೆ ಹೆಸರಾಯಿತು. ಆ ಒಂದು ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20,000 ಮಂದಿಗೆ ಇದು ತಗುಲಿತು. ಬೆರಳು ಕಳೆದುಕೊಂಡವರಿದ್ದರು, ಪಾದವನ್ನೇ ಕಳೆದುಕೊಂಡವರೂ ಇದ್ದರು. ಮದ್ದು ಬಹಳ ಸರಳ: ಪಾದ ಒರೆಸು, ತಿಮಿಂಗಿಲದ ಎಣ್ಣೆ ತಿಕ್ಕು, ಒಣ ಕಾಲುಚೀಲ ಹಾಕು. ಮುಂದೆ ಊಟದ ಸಾಮಾನಿನ ಜೊತೆಗೇ ಒಣಗಿದ ಕಾಲುಚೀಲಗಳು ಕಂದಕಕ್ಕೆ ಬರತೊಡಗಿದವು. ಇಲ್ಲಿ ಒಂದು ಜೊತೆ ಕಾಲುಚೀಲವೆಂದರೆ ಒಬ್ಬ ಮನುಷ್ಯನ ಒಂದು ಜೊತೆ ಕಾಲು.

ಆದರೆ ಯಾವ ಕಾಲುಚೀಲವಾದರೂ ನಡೆಯುತ್ತದೆಯೇ? ಇಲ್ಲ. ಬೆರಳ ತುದಿಯಲ್ಲಿ ದಪ್ಪ ಹೊಲಿಗೆ ಉಳಿದರೆ ಹತ್ತು ಮೈಲಿ ನಡೆಯುವಷ್ಟರಲ್ಲಿ ಬೊಬ್ಬೆ ಏಳುತ್ತದೆ. ಆದ್ದರಿಂದ ಎರಡು ಕಡ್ಡಿಯ ಮೇಲಿನ ಕುಣಿಕೆಗಳನ್ನು ಸೂಜಿಯಿಂದ ಒಂದಕ್ಕೊಂದು ಸೇರಿಸಿ, ಗಂಟೂ ಗೆರೆಯೂ ಕಾಣದ ಹಾಗೆ ಮುಗಿಸುವ ಕ್ರಮಕ್ಕೆ ಮಹತ್ವ ಬಂತು. ಅದಕ್ಕೆ ಅಂದಿನ ಯುದ್ಧಮಂತ್ರಿ ಕಿಚನರ್‌ನ ಹೆಸರೇ ನಿಂತಿದೆ. ಆತನೇ ಇದನ್ನು ಕಂಡುಹಿಡಿಸಿದ ಎಂಬುದು ದಂತಕಥೆ ಇರಬಹುದು. ಆದರೆ ಹೆಣೆಯುವವರು ಇಂದಿಗೂ ಅದನ್ನು 'ಕಿಚನರ್ ಹೊಲಿಗೆ' ಎಂದೇ ಕರೆಯುತ್ತಾರೆ.

ಇನ್ನೊಂದು ತೊಡಕೂ ಎದ್ದಿತು. ಯುದ್ಧ ಬಂದ ಕೂಡಲೇ ಬಟ್ಟೆ ಕೆಲಸದ ಸಾವಿರಾರು ಹೆಣ್ಣುಮಕ್ಕಳು ಕೂಲಿ ಕಳೆದುಕೊಂಡರು. ಉಳ್ಳವರ ಮನೆಯ ಹೆಂಗಸರು ಪುಕ್ಕಟೆಯಾಗಿ ಹೊಲಿದು, ಹೆಣೆದು ಕೊಟ್ಟರೆ ಕೂಲಿಯವರ ಗತಿಯೇನು ಎಂದು ಕಾರ್ಮಿಕ ನಾಯಕಿ ಮೇರಿ ಮೆಕಾರ್ಥರ್ ದನಿಯೆತ್ತಿದರು. ರಾಣಿ ಆಕೆಯನ್ನು ಕರೆಸಿ ಮಾತಾಡಿದರು. ಅದರ ಫಲವಾಗಿ ಕೆಲಸವಿಲ್ಲದ ಹೆಂಗಸರಿಗೆ ಸಂಬಳದ ಕೆಲಸ ಕೊಡಿಸುವ ನಿಧಿಯೊಂದು 1914ರಲ್ಲೇ ಹುಟ್ಟಿತು. ಸೊಲ್ಲಾಪುರದ ಗಿರಣಿಗಳು ಮುಚ್ಚಿದ್ದನ್ನು ಕಂಡ ನಮ್ಮವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಮುಂದಿನ ವರ್ಷ, 1915ರಲ್ಲಿ, ಸರ್ ಎಡ್ವರ್ಡ್ ವಾರ್ಡ್ ಎಂಬವರ ಕೈಗೆ ಈ ದಾನದ ಕೆಲಸವನ್ನೆಲ್ಲ ಒಪ್ಪಿಸಲಾಯಿತು. ಎಲ್ಲಿ ಏನು ಬೇಕು ಎಂದು ಸೈನ್ಯವನ್ನು ಕೇಳಿ, ಊರೂರಿನ ಸಂಘಗಳಿಗೆ ಅದನ್ನೇ ತಿಳಿಸುವ ಏರ್ಪಾಡು ಅದು. ಕೇಳಿ ಕೊಡುವುದು ಅಲ್ಲಿಂದ ಒಂದು ಪದ್ಧತಿಯಾಯಿತು.

ಆ ಕಂದಕಗಳಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. 1914ರ ಸೆಪ್ಟೆಂಬರ್ 26ರಂದು ಅವರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಮೈಮೇಲೆ ಇದ್ದದ್ದು ಬಿಸಿಲುನಾಡಿಗೆ ಹೊಲಿದ ತೆಳು ಹತ್ತಿ ಬಟ್ಟೆ. ಅವರಿಗಾಗಿಯೇ ಲಂಡನ್ನಿನಲ್ಲಿ ಅಕ್ಟೋಬರಿನಲ್ಲಿ ಇಂಡಿಯನ್ ಸೋಲ್ಜರ್ಸ್ ಫಂಡ್ ಎಂಬ ನಿಧಿ ಏರ್ಪಟ್ಟು, ಉಣ್ಣೆಯ ಕಾಲುಚೀಲ, ಕೈಗವಸು, ಮಫ್ಲರುಗಳನ್ನು ಕಳಿಸಿತು. ಆ ವರ್ಷದ ಕ್ರಿಸ್‌ಮಸ್ಸಿಗೆ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಹಿತ್ತಾಳೆಯ ಡಬ್ಬಿಗಳ ಉಡುಗೊರೆ ಹಂಚಿದರು. ಹಬ್ಬದ ದಿನದೊಳಗೆ ನಾಲ್ಕು ಲಕ್ಷಕ್ಕೂ ಮೇಲೆ ಡಬ್ಬಿಗಳು ಕೈಸೇರಿದವು. ಹೊಗೆಬತ್ತಿ ಸೇದುವವರಿಗೆ ತಂಬಾಕು, ಸೇದದವರಿಗೆ ಕಾಗದ, ಪೆನ್ಸಿಲು ಮತ್ತು ಹುಳಿಪೆಪ್ಪರಮೆಂಟು. ಸಿಖ್ಖರಿಗೆ ತಂಬಾಕು ನಿಷಿದ್ಧವೆಂದು ಅವರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ! ಸಾವಿರಾರು ಮೈಲಿ ದೂರದ ಹಿಮದಲ್ಲಿ ಮೂಗಿಗೆ ಬಡಿದ ಆ ಏಲಕ್ಕಿ, ಲವಂಗದಂಥ ಪರಿಮಳ ಏನು ಹೇಳಿರಬಹುದು, ತಾವೇ ಊಹಿಸಿ. ಇಂಡಿಯಾದವರನ್ನು ಆಳುತ್ತಿದ್ದವರ ಕೊಡುಗೆ ಅದು, ಅದರಲ್ಲಿ ರಾಜಕೀಯವಿತ್ತು ನಿಜ. ಆದರೂ ಯಾರಿಗೆ ಏನು ಸಲ್ಲುತ್ತದೆ ಎಂದು ವಿಚಾರಿಸಿ ತುಂಬಿದ ಡಬ್ಬಿ ಅದೆಂಬುದನ್ನು ಒಪ್ಪಬೇಕು.

ಸ್ವತಂತ್ರ ಭಾರತಕ್ಕೂ ಇದೇ ಪಾಠ ಬಂತು. 1962ರ ಅಕ್ಟೋಬರ್ 20ರಂದು ಚೀನದ ದಾಳಿಯಾದಾಗ, ಬಯಲುಸೀಮೆಯಿಂದ ಹಿಮಾಲಯಕ್ಕೆ ಅವಸರದಲ್ಲಿ ಹತ್ತಿಸಿದ ನಮ್ಮ ಜವಾನರಲ್ಲಿ ಎಷ್ಟೋ ಮಂದಿ ಹತ್ತಿ ಸಮವಸ್ತ್ರ, ಕ್ಯಾನ್ವಾಸ್ ಬೂಟುಗಳಲ್ಲೇ ಇದ್ದರು. ದೇಶದ ಮೂಲೆಮೂಲೆಗಳಲ್ಲಿ ಹೆಣ್ಣುಮಕ್ಕಳು ಮೈಮೇಲಿನ ಬಂಗಾರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು, ಉಣ್ಣೆ ತಂದು ಸ್ವೆಟರು ಹೆಣೆದರು. ಆ ಅಭಿಮಾನ ದೊಡ್ಡದು. ಆದರೆ ನವೆಂಬರ್ 21ಕ್ಕೆ ಚೀನ ಯುದ್ಧ ನಿಲ್ಲಿಸಿದಾಗ ಚಳಿಯಲ್ಲಿ ಸತ್ತವರು ಸತ್ತಾಗಿತ್ತು. ತಾಯಿಯ ಹೆಣಿಗೆ ಸರಕಾರದ ಹೊಣೆಯನ್ನು ತೀರಿಸಲಾರದು. ಅಲ್ಲಿಂದ ಮುಂದೆ ಪರ್ವತ ಸೇನಾ ವಿಭಾಗಗಳು ಕಟ್ಟಲ್ಪಟ್ಟವು, ಬೆಟ್ಟದ ಉಡುಪು ಸೈನ್ಯದ ಲೆಕ್ಕಕ್ಕೆ ಸೇರಿತು.

ಇಷ್ಟೆಲ್ಲ ದೂರದ ಮಾತು ಹೇಳಿದೆನಾದರೂ, ನಮ್ಮ ಅಜ್ಜಿಯರಿಗೆ ಈ ಪಾಠ ಯಾರೂ ಕಲಿಸಬೇಕಿರಲಿಲ್ಲ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ತವರಿನಿಂದ ಬರುವ ಕುಲಾವಿ, ಕುಂಚಿಗೆಗಳನ್ನು ನೆನೆಯಿರಿ. ಕೂಸಿನ ನೆತ್ತಿ, ಕಿವಿಗಳಿಗೆ ಗಾಳಿ ತಾಗಬಾರದೆಂದೇ ಹೊಲಿದವು ಅವು. ಮಗಳ ಬಾಣಂತನಕ್ಕೆ ಕೊಡುವ ಕೌದಿಯನ್ನು ನೋಡಿ. ಮರಾಠಿಯಲ್ಲಿ ಗೋಧಡಿ, ತೆಲುಗಿನಲ್ಲಿ ಬೊಂತ. ಹೊಸ ಬಟ್ಟೆಯಲ್ಲ, ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಗಳೇ ಅದಕ್ಕೆ ಬೇಕು. ಯಾಕೆಂದರೆ ಕೂಸಿನ ಮೈಗೆ ಹಿತವಾದದ್ದು ಅದೇ. ಕೌದಿಯನ್ನು ಯಾರೂ ಟ್ರಂಕಿನಲ್ಲಿ ಮುಚ್ಚಿಡುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿನ ಬಾಬತ್ತಿಗೆ ಸರಿ. ಉಡುಗೊರೆಯ ಬಾಬತ್ತಿನಲ್ಲಿ ಅದನ್ನು ತಿರುವಿ ಹಾಕಬೇಕು: ಕಾಲು ಇದ್ದಷ್ಟು ಹೆಣೆಯಬೇಕು. ತಾಯಂದಿರೇ, ಅಕ್ಕಂದಿರೇ, ಈ ಸಲ ದೀಪಾವಳಿಗೋ ಕ್ರಿಸ್‌ಮಸ್ಸಿಗೋ ಕಡ್ಡಿ ಹಿಡಿಯುವ ಮೊದಲು ಒಂದು ದಾರದಿಂದ ಅವರ ಪಾದದ ಅಳತೆ ತೆಗೆದುಕೊಳ್ಳಿ. ಉಣ್ಣೆ ಮೈಗೆ ಚುಚ್ಚುತ್ತದೆಯೇ, ಬೆಳಗಿನ ಜಾವ ನೀರು ಹಾಯಿಸಲು ಹೊಲಕ್ಕೆ ಹೋಗುವವರೇ, ಬಟ್ಟೆ ಒಗೆಯುವವರು ಯಾರು, ಬಿಸಿನೀರಿಗೆ ಅದ್ದುತ್ತಾರೆಯೇ ಎಂದು ವಿಚಾರಿಸಿ. ನೀಲಗಿರಿಯ ಚಳಿಗೆ ಉಣ್ಣೆ ಸರಿ, ರಾಯದುರ್ಗದ ಬಿಸಿಲಿಗೆ ಹತ್ತಿ ನೂಲೇ ಸರಿ. ಕೇಳಿದರೆ ಉಡುಗೊರೆಯ ಗುಟ್ಟು ರಟ್ಟಾಗುತ್ತದೆ ಎಂಬ ಅಳುಕು ಬೇಡ. ಗುಟ್ಟು ಒಂದು ದಿನದ ಸಂತೋಷ, ಅಳತೆಗೆ ಸರಿಯಾದ ಕಾಲುಚೀಲ ಇಡೀ ಚಳಿಗಾಲದ್ದು.