ಗಣಕೀಕೃತ ಸೇವೆಗಳ ಪ್ರಾಯೋಗಿಕ ವ್ಯವಸ್ಥೆ ಮತ್ತು ಅರ್ಜಿದಾರರ ದತ್ತಾಂಶದ ರಕ್ಷಣೆ: ಸಾರ್ವಜನಿಕ ಮಾಹಿತಿ

ಪೀಠಿಕೆ

‘ಭೂಮಿ’ ಯೋಜನೆಯಡಿ ಪಹಣಿ ಹಾಗೂ ಹಕ್ಕು ಬದಲಾವಣೆ, ನಾಡಕಚೇರಿಗಳ ಮೂಲಕ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ‘ಸೇವಾ ಸಿಂಧು’ ಮೂಲಕ ವಿವಿಧ ಇಲಾಖೆಗಳ ಸೇವೆಗಳು ಗಣಕಯಂತ್ರದ ಮೂಲಕ ದೊರೆಯುತ್ತಿವೆ. ಇಂತಹ ತಂತ್ರಾಂಶಗಳಲ್ಲಿ ಮಾಡುವ ಪ್ರತಿ ಬದಲಾವಣೆಯನ್ನೂ ಮೊದಲು ಪ್ರತ್ಯೇಕ ಪ್ರಾಯೋಗಿಕ ವ್ಯವಸ್ಥೆಯಲ್ಲಿ ಪರೀಕ್ಷಿಸುವುದು ಅವಶ್ಯಕ. ಇದಕ್ಕಾಗಿ ಚಾಲ್ತಿ ವ್ಯವಸ್ಥೆಯ ದತ್ತಾಂಶದ ನಕಲನ್ನು ಬಳಸುವ ರೂಢಿಯಿದ್ದು, ಅರ್ಜಿದಾರರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಎರಡು ವ್ಯವಸ್ಥೆಗಳು

ಚಾಲ್ತಿ ವ್ಯವಸ್ಥೆ: ಅರ್ಜಿ ಸ್ವೀಕೃತಿ, ಅನುಮೋದನೆ ಹಾಗೂ ಪ್ರಮಾಣ ಪತ್ರ ವಿತರಣೆ ನಡೆಯುವುದು ಇಲ್ಲಿ. ಇಲ್ಲಿನ ದಾಖಲೆಗೆ ಮಾತ್ರ ಕಾನೂನಿನ ಮಾನ್ಯತೆಯಿರುತ್ತದೆ.

ಪ್ರಾಯೋಗಿಕ ವ್ಯವಸ್ಥೆ: ನೋಡಲು ಚಾಲ್ತಿ ವ್ಯವಸ್ಥೆಯಂತೆಯೇ ಇರುತ್ತದೆ. ಪರೀಕ್ಷೆ ಹಾಗೂ ಸಿಬ್ಬಂದಿ ತರಬೇತಿಗೆ ಬಳಸಲಾಗುತ್ತದೆ. ಹೊಸ ನಕಲನ್ನು ಅಳವಡಿಸಿದಾಗ ಹಿಂದೆ ನಮೂದಿಸಿದ್ದೆಲ್ಲವೂ ಅಳಿಸಿಹೋಗುತ್ತದೆ.

ನೈಜ ದತ್ತಾಂಶದ ನಕಲು ಏಕೆ ಬೇಕು?

ಕಲ್ಪಿತ ದಾಖಲೆಗಳಲ್ಲಿ ಎಲ್ಲ ದೋಷಗಳೂ ಕಂಡುಬರುವುದಿಲ್ಲ. ಉದಾಹರಣೆಗೆ, 1 ಎಕರೆ 20 ಗುಂಟೆ ಹಾಗೂ 20 ಗುಂಟೆಯ ಎರಡು ಹಿಸ್ಸಾಗಳನ್ನು ಒಂದುಗೂಡಿಸಿದರೆ 2 ಎಕರೆ ಆಗಬೇಕು. ತಂತ್ರಾಂಶವು ಇವುಗಳನ್ನು ದಶಮಾಂಶ ಸಂಖ್ಯೆಗಳೆಂದು ಭಾವಿಸಿ 1.20ಕ್ಕೆ 0.20 ಕೂಡಿಸಿದರೆ 1.40 ಬರುತ್ತದೆ. 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಅದಕ್ಕೆ ತಿಳಿದಿರಬೇಕು. ಅದೇ ರೀತಿ, ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಪ್ರತ್ಯೇಕಗೊಂಡಿದೆ. ಮುದ್ದೇನಹಳ್ಳಿಯ ರೈತರೊಬ್ಬರ ಹಳೆಯ ಪತ್ರದಲ್ಲಿ ಕೋಲಾರ ಜಿಲ್ಲೆ ಎಂದಿದ್ದು, ಹೊಸ ಪಹಣಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಎಂದಿರುತ್ತದೆ. ಜಂಟಿ ಖಾತೆ, ಖರಾಬು ಜಮೀನು, ‘ಬಿನ್’ ಮತ್ತು ‘ಕೋಂ’ ಎಂದು ಬರೆದ ಹೆಸರುಗಳು ಸಹ ನೈಜ ದಾಖಲೆಗಳಲ್ಲಿ ಬಗೆಬಗೆಯಾಗಿ ಇರುತ್ತವೆ.

ನಕಲಿನಿಂದ ಉಂಟಾಗಬಹುದಾದ ತೊಂದರೆಗಳು

1. ಪ್ರಾಯೋಗಿಕ ವ್ಯವಸ್ಥೆಯನ್ನು ತಂತ್ರಾಂಶ ತಯಾರಕರು, ಗುತ್ತಿಗೆ ಸಿಬ್ಬಂದಿ ಮುಂತಾದವರು ಬಳಸುವುದರಿಂದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಆದಾಯ, ಜಾತಿ ವಿವರಗಳು ಸಂಬಂಧಪಡದವರಿಗೆ ತಿಳಿಯಬಹುದು.
2. ನೈಜ ಮೊಬೈಲ್ ಸಂಖ್ಯೆಗಳು ಉಳಿದುಕೊಂಡಲ್ಲಿ, ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬಂತಹ ಪರೀಕ್ಷಾ ಸಂದೇಶಗಳು ನಾಗರಿಕರಿಗೆ ತಲುಪಬಹುದು.
3. ಪರೀಕ್ಷೆಗಾಗಿ ಮುದ್ರಿಸಿದ ಪತ್ರವನ್ನು ಅಸಲಿ ಎಂದು ಬಳಸುವ ಅಪಾಯವಿದೆ.
4. ಅರ್ಜಿಯನ್ನು ತಪ್ಪಾಗಿ ಪ್ರಾಯೋಗಿಕ ವ್ಯವಸ್ಥೆಯಲ್ಲಿ ನಮೂದಿಸಿದಲ್ಲಿ ಅದು ಯಾವ ಅಧಿಕಾರಿಯ ಮುಂದೆಯೂ ಬರುವುದಿಲ್ಲ. ಶಾಲಾ ಪ್ರವೇಶ, ವಿದ್ಯಾರ್ಥಿವೇತನ ಅಥವಾ ಬೆಳೆ ಸಾಲದ ಕೊನೆಯ ದಿನ ಕಳೆದುಹೋಗಬಹುದು.

ಅನುಸರಿಸತಕ್ಕ ಕ್ರಮಗಳು

ನಕಲು ಮಾಡುವ ಮುನ್ನವೇ ಹೆಸರು, ಆಧಾರ್, ಮೊಬೈಲ್ ಹಾಗೂ ಖಾತೆ ಸಂಖ್ಯೆಗಳನ್ನು ಬದಲಿಸತಕ್ಕದ್ದು. ಒಬ್ಬ ವ್ಯಕ್ತಿಗೆ ಎಲ್ಲ ದಾಖಲೆಗಳಲ್ಲೂ ಒಂದೇ ಬದಲಿ ಹೆಸರು ಇರಬೇಕು; ಇಲ್ಲವಾದಲ್ಲಿ ಪಹಣಿ ಮತ್ತು ಹಕ್ಕು ಬದಲಾವಣೆ ವಹಿ ಪರಸ್ಪರ ಹೊಂದುವುದಿಲ್ಲ. ಹೆಸರನ್ನು ಮಾತ್ರ ಮರೆಮಾಚಿದರೆ ಸಾಲದು. ಪಹಣಿಯನ್ನು ಸರ್ವೆ ನಂಬರಿನಿಂದ ಯಾರು ಬೇಕಾದರೂ ನೋಡಬಹುದಾದ ಕಾರಣ, ಗ್ರಾಮ, ಸರ್ವೆ ನಂಬರ್ ಹಾಗೂ ಹಿಸ್ಸಾ ಉಳಿದಿದ್ದಲ್ಲಿ ಮಾಲೀಕರು ಯಾರೆಂಬುದು ತಿಳಿಯುತ್ತದೆ. ಆದ್ದರಿಂದ ಇವುಗಳನ್ನೂ ಬದಲಿಸಬೇಕು. ಆದರೆ ಹಿಸ್ಸಾಗಳ ಒಟ್ಟು ವಿಸ್ತೀರ್ಣ ಸರಿಹೊಂದುವಂತಿರಬೇಕು. ಸಂದೇಶ ರವಾನೆ ಹಾಗೂ ಹಣ ಪಾವತಿಯ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು. ಪ್ರತಿ ಪುಟ ಹಾಗೂ ಮುದ್ರಿತ ಪತ್ರದ ಮೇಲೆ ‘ಪರೀಕ್ಷೆಗಾಗಿ ಮಾತ್ರ’ ಎಂದಿರತಕ್ಕದ್ದು. ಕ್ಲೌಡ್ ವ್ಯವಸ್ಥೆಯಲ್ಲಿ ನಕಲು ಮಾಡುವುದು ಸುಲಭವಾದ್ದರಿಂದ, ಕೆಲಸ ಮುಗಿದ ನಂತರ ನಕಲನ್ನು ಅಳಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದಲ್ಲಿ ಈ ಅಧಿನಿಯಮದಡಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ನನ್ನ ಅರ್ಜಿ ಚಾಲ್ತಿ ವ್ಯವಸ್ಥೆಯಲ್ಲಿಯೇ ದಾಖಲಾಗಿದೆ ಎಂದು ತಿಳಿಯುವುದು ಹೇಗೆ?
ಉ: ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯಿರಿ. ಸಕಾಲ ಸೇವೆಯಾದಲ್ಲಿ ಅದರಲ್ಲಿ ಜಿ.ಎಸ್.ಸಿ. ಸಂಖ್ಯೆ ಇರಬೇಕು. ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಅಂದೇ ಪರಿಶೀಲಿಸಿ. ವಿವರ ದೊರೆಯದಿದ್ದಲ್ಲಿ ಅರ್ಜಿ ಸಲ್ಲಿಸಿದ ಕೇಂದ್ರದಲ್ಲಿಯೇ ವಿಚಾರಿಸಿ.

ಪ್ರ: ಅರ್ಜಿ ಸಲ್ಲಿಸದಿದ್ದರೂ ಸಂದೇಶ ಬಂದಿದೆ. ಏನು ಮಾಡಬೇಕು?
ಉ: ಅದರಲ್ಲಿನ ಕೊಂಡಿಯನ್ನು ತೆರೆಯಬೇಡಿ, ಓ.ಟಿ.ಪಿ. ಯಾರಿಗೂ ತಿಳಿಸಬೇಡಿ. ಸಂದೇಶವನ್ನು ಅಳಿಸದೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ತೋರಿಸಿ. ಹಣ ಕಳೆದುಕೊಂಡಿದ್ದಲ್ಲಿ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ.

ಪ್ರ: ‘ಪರೀಕ್ಷೆಗಾಗಿ ಮಾತ್ರ’ ಎಂದು ಮುದ್ರಿತವಾದ ಪತ್ರ ನನಗೆ ದೊರೆತಿದೆ. ಬಳಸಬಹುದೇ?
ಉ: ಬಳಸುವಂತಿಲ್ಲ. ಅದನ್ನು ಹಿಂದಿರುಗಿಸಿ, ಚಾಲ್ತಿ ವ್ಯವಸ್ಥೆಯಿಂದ ಸರಿಯಾದ ಪತ್ರವನ್ನು ಪಡೆಯತಕ್ಕದ್ದು.