ನಾಲ್ಕು ದ್ವೀಪ, ನಾಲ್ಕು ಅಡುಗೆಮನೆ: ಸೈಕ್ಲಡೀಸ್‌ನಲ್ಲಿ ಮಧುಚಂದ್ರ

ಗ್ರೀಸ್‌ನ ರಾಜಧಾನಿ ಅಥೆನ್ಸ್‌ನಿಂದ ಆಗ್ನೇಯಕ್ಕೆ, ಈಜಿಯನ್ ಸಮುದ್ರದಲ್ಲಿ ಹರಡಿಕೊಂಡಿರುವ ದ್ವೀಪಗಳ ಗುಂಪೇ ಸೈಕ್ಲಡೀಸ್. ಚಿಕ್ಕಪುಟ್ಟ ಬಂಡೆಗಳನ್ನೂ ಸೇರಿಸಿ ಎಣಿಸಿದರೆ ಸುಮಾರು 220 ದ್ವೀಪಗಳಿವೆ. ಜನ ಬಾಳುವುದು ಇಪ್ಪತ್ತು ಚಿಲ್ಲರೆ ದ್ವೀಪಗಳಲ್ಲಿ ಮಾತ್ರ. ಗ್ರೀಕ್ ಭಾಷೆಯಲ್ಲಿ ‘ಕಿಕ್ಲೊಸ್’ ಎಂದರೆ ವೃತ್ತ. ಅಪೊಲೊ ದೇವರು ಹುಟ್ಟಿದ ನೆಲವೆಂದು ಹಳಬರು ನಂಬಿದ್ದ ಡೆಲೊಸ್ ದ್ವೀಪಕ್ಕೆ ಉಳಿದವೆಲ್ಲ ಪ್ರದಕ್ಷಿಣೆ ಬರುತ್ತಿವೆ ಎಂಬ ಕಲ್ಪನೆಯಿಂದ ಈ ಹೆಸರು ಹುಟ್ಟಿತು.

ಬಿಳಿ ಗೋಡೆ, ನೀಲಿ ಗುಮ್ಮಟ, ಹಿಂದೆ ಮುಳುಗುವ ಸೂರ್ಯ: ಈ ಚಿತ್ರ ನೋಡಿಯೇ ಹೊಸ ಜೋಡಿಗಳು ಇಲ್ಲಿಗೆ ಟಿಕೆಟ್ ತೆಗೆಯುವುದು. ಆದರೆ ಈ ದ್ವೀಪಗಳಲ್ಲಿ ನೋಟದಷ್ಟೇ ರುಚಿಯೂ ಬೇರೆಬೇರೆ. ಎರಡನ್ನೂ ರೂಪಿಸಿದ್ದು ಇವೇ ಮೂರು: ನೀರಿನ ಬರ, ಬಿಡದ ಗಾಳಿ ಮತ್ತು ಕಲ್ಲು ನೆಲ. ಮಳೆ ಕಡಿಮೆ ಇರುವ ನೆಲದಲ್ಲಿ ಏನು ಬೆಳೆಯಿತೋ ಅದನ್ನೇ ಅಡುಗೆ ಮಾಡಿದರು. ಯಾವ ಕಲ್ಲು ಸಿಕ್ಕಿತೋ ಅದರಲ್ಲೇ ಮನೆ ಕಟ್ಟಿದರು. ಸಿಫ್ನೊಸ್, ಮಿಲೊಸ್, ಸ್ಯಾಂಟೊರಿನಿ, ನಾಕ್ಸೊಸ್ ಎಂಬ ನಾಲ್ಕು ದ್ವೀಪಗಳನ್ನು ಹನ್ನೆರಡು ಹದಿಮೂರು ರಾತ್ರಿಗಳಲ್ಲಿ ನಿಧಾನವಾಗಿ ನೋಡಿದರೆ ಇದು ತಟ್ಟೆಯಲ್ಲೇ ಗೊತ್ತಾಗುತ್ತದೆ.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಆರಂಭದವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಜನಸಂದಣಿ, ದರ ಎರಡೂ ಏರುತ್ತವೆ. ಉತ್ತರದಿಂದ ಬೀಸುವ ‘ಮೆಲ್ತೆಮಿ’ ಗಾಳಿಯ ಜೋರೂ ಆಗಲೇ ಹೆಚ್ಚು. ಆಕಾಶ ತಿಳಿಯಾಗಿಯೇ ಇರುತ್ತದೆ, ಬಿಸಿಲು ಕಾಯುತ್ತಿರುತ್ತದೆ, ಆದರೆ ಮೇಜಿನ ಮೇಲಿನ ಹಾಸು ಹಾರದಂತೆ ಹೋಟೆಲಿನವರು ಕ್ಲಿಪ್ ಹಾಕಿ ಬಿಗಿದಿರುತ್ತಾರೆ.

ಈಜಬೇಕೆನ್ನುವವರಿಗೆ ಸೆಪ್ಟೆಂಬರ್ ವಾಸಿ, ಬೇಸಿಗೆಯಿಡೀ ಕಾದ ನೀರು ಆಗಲೂ ಬೆಚ್ಚಗಿರುತ್ತದೆ. ಬೆಟ್ಟದ ಹೂವು ನೋಡಿ ನಡೆಯಬೇಕೆನ್ನುವವರಿಗೆ ಮೇ ಸರಿ, ಆದರೆ ಸಮುದ್ರ ಇನ್ನೂ ತಣ್ಣಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅನೇಕ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಹಡಗುಗಳ ಓಡಾಟವೂ ಕಡಿಮೆ.

ಹಡಗಿನ ದಾರಿ

ನಕ್ಷೆಯಲ್ಲಿ ಹತ್ತಿರ ಕಂಡ ದ್ವೀಪಗಳ ನಡುವೆ ಹಡಗು ಇದ್ದೇ ಇರುತ್ತದೆ ಎಂದೇನಿಲ್ಲ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಹೊರಡುವ ಫೆರ್ರಿಗಳು ಬಸ್ಸಿನ ರೂಟುಗಳಂತೆ ಸಾಲು ಹಿಡಿದು ಹೋಗುತ್ತವೆ. ಪಶ್ಚಿಮದ ಸಾಲಿನಲ್ಲಿ ಸೆರಿಫೊಸ್, ಸಿಫ್ನೊಸ್, ಮಿಲೊಸ್ ಬರುತ್ತವೆ. ನಡುವಿನ ಸಾಲಿನಲ್ಲಿ ಪರೊಸ್, ನಾಕ್ಸೊಸ್, ಸ್ಯಾಂಟೊರಿನಿ. ಬೇಸಿಗೆಯಲ್ಲಿ ಮಿಲೊಸ್‌ನಿಂದ ಸ್ಯಾಂಟೊರಿನಿಗೆ ವೇಗದ ಹಡಗು ಇರುವುದರಿಂದ ಎರಡೂ ಸಾಲುಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದು. ಸಿಫ್ನೊಸ್‌ನಲ್ಲಿ ಮೂರು ರಾತ್ರಿ, ಮಿಲೊಸ್‌ನಲ್ಲಿ ಮೂರು, ಸ್ಯಾಂಟೊರಿನಿಯಲ್ಲಿ ಎರಡು, ನಾಕ್ಸೊಸ್‌ನಲ್ಲಿ ನಾಲ್ಕು, ಕೊನೆಯ ರಾತ್ರಿ ಅಥೆನ್ಸ್: ಇದು ಆಯಾಸವಿಲ್ಲದ ಲೆಕ್ಕ.

ಹಡಗಿನಲ್ಲಿ ಎರಡು ಬಗೆ. ದೊಡ್ಡ ಸಾಮಾನ್ಯ ಫೆರ್ರಿ ನಿಧಾನ. ಪಿರೇಯಸ್‌ನಿಂದ ನಾಕ್ಸೊಸ್‌ಗೆ ಐದು ಗಂಟೆಗೂ ಮೇಲೆ, ಸ್ಯಾಂಟೊರಿನಿಗೆ ಏಳೆಂಟು ಗಂಟೆ ಹಿಡಿಯುತ್ತದೆ. ಆದರೆ ಮೇಲಿನ ಡೆಕ್ಕಿನಲ್ಲಿ ಕೂತು ದ್ವೀಪಗಳು ಒಂದೊಂದಾಗಿ ಬಂದು ಹಿಂದೆ ಸರಿಯುವುದನ್ನು ನೋಡಬಹುದು, ಗಾಳಿಗೆ ಹೊಯ್ದಾಟವೂ ಕಡಿಮೆ. ವೇಗದ ಹಡಗು ಬೇಗ ಮುಟ್ಟಿಸುತ್ತದೆ, ಆದರೆ ಸಾಮಾನ್ಯವಾಗಿ ಒಳಗೇ ಕೂರಬೇಕು; ಅಲೆ ಎದ್ದ ದಿನ ಹೊಟ್ಟೆ ತೊಳಸುತ್ತದೆ.

ಸಿಫ್ನೊಸ್: ಶನಿವಾರ ರಾತ್ರಿಯ ಮಡಕೆ

ಈ ಪ್ರವಾಸದ ದಿನಾಂಕವನ್ನು ಒಂದು ಮಡಕೆ ಕಡಲೆ ನಿರ್ಧರಿಸಿದರೆ ಒಳ್ಳೆಯದು. ಸಿಫ್ನೊಸ್‌ನ ಭಾನುವಾರದ ಊಟ ‘ರೆವಿಥಾದಾ’. ನೆನೆಸಿದ ಕಾಬೂಲಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ಒಂದೆರಡು ಬೇ ಎಲೆ, ನೀರು ಇಷ್ಟನ್ನೇ ಮುಚ್ಚಳವಿರುವ ಮಣ್ಣಿನ ಮಡಕೆಗೆ ತುಂಬಿ ಶನಿವಾರ ಸಂಜೆ ಸೌದೆ ಉರಿಸಿದ ಭಟ್ಟಿಯೊಳಗೆ ಇಡುತ್ತಾರೆ. ಹಿಂದೆ ಇದಕ್ಕೆ ಮಳೆನೀರನ್ನೇ ಹಾಕುತ್ತಿದ್ದರು. ರಾತ್ರಿಯಿಡೀ ಆರುವ ಭಟ್ಟಿಯ ಕಾವಿನಲ್ಲಿ ಕಡಲೆ ಬೇಯುತ್ತದೆ. ಭಾನುವಾರ ಬೆಳಗ್ಗೆ ಚರ್ಚಿನ ಪೂಜೆ ಮುಗಿಸಿ ಬಂದವರು ಮಡಕೆ ತೆಗೆದು ಮನೆಗೆ ಒಯ್ಯುವುದು ರೂಢಿ. ಮುಚ್ಚಳ ತೆಗೆದಾಗ ಕಾಳು ಇಡಿಯಾಗಿಯೇ ಕಾಣುತ್ತದೆ. ಚಮಚ ತಾಗಿಸಿದರೆ ಬೆಣ್ಣೆಯಂತೆ ಒಡೆಯುತ್ತದೆ. ಈರುಳ್ಳಿ ಕರಗಿ ರಸವಾಗಿರುತ್ತದೆ. ಮೇಲೆ ನಿಂಬೆರಸ ಹಿಂಡಿ, ಬ್ರೆಡ್ಡಿನಲ್ಲಿ ಅದ್ದಿಕೊಂಡು ತಿನ್ನುವುದು. ಒಗ್ಗರಣೆಯಿಲ್ಲ, ಖಾರವಿಲ್ಲ, ಆದರೂ ಸಪ್ಪೆಯೆನಿಸುವುದಿಲ್ಲ.

ಈ ಅಡುಗೆಯ ಗುಟ್ಟು ದ್ವೀಪದ ಜೇಡಿಮಣ್ಣಿನಲ್ಲಿದೆ. ಕುಂಬಾರಿಕೆ ಇಲ್ಲಿ ಹಳೆಯ ಕಸುಬು, ಕರಾವಳಿಯ ಹಳ್ಳಿಗಳಲ್ಲಿ ಇಂದಿಗೂ ಚಕ್ರ ತಿರುಗುತ್ತಿದೆ. ಸೌದೆ ಅಪರೂಪವಾಗಿದ್ದ ನೆಲದಲ್ಲಿ, ಒಮ್ಮೆ ಕಾದ ಭಟ್ಟಿಯಲ್ಲಿ ಹಲವು ಮನೆಗಳ ಮಡಕೆ ಬೇಯಿಸಿಕೊಳ್ಳುವುದು ಜಾಣತನವೇ ಆಗಿತ್ತು. ಮಾಂಸ ತಿನ್ನುವವರಿಗೆ ಇದೇ ಬಗೆಯ ಮಣ್ಣಿನ ಪಾತ್ರೆಯಲ್ಲಿ ವೈನ್ ಮತ್ತು ಸಬ್ಬಸಿಗೆ ಸೊಪ್ಪಿನೊಡನೆ ಬೇಯಿಸಿದ ಕುರಿಮರಿ ಮಾಂಸ ‘ಮಸ್ತೆಲೊ’ ಇದೆ. ಅದು ಈಸ್ಟರ್ ಹಬ್ಬದ ಅಡುಗೆ. ಗ್ರೀಕ್ ಅಡುಗೆ ಪುಸ್ತಕಗಳ ಪ್ರಸಿದ್ಧ ಲೇಖಕ ನಿಕೊಲಾಒಸ್ ತ್ಸೆಲೆಮೆಂತೆಸ್ ಮೂಲತಃ ಈ ದ್ವೀಪದ ಮನೆತನದವನು. ಗ್ರೀಸ್‌ನಲ್ಲಿ ಅವನ ಹೆಸರೇ ‘ಅಡುಗೆ ಪುಸ್ತಕ’ ಎಂಬ ಅರ್ಥದಲ್ಲಿ ಬಳಕೆಗೆ ಬಂದಿದೆ.

ನೋಡಲು ಕಾಸ್ತ್ರೊ ಎಂಬ ಕೋಟೆಯೂರು ಇದೆ. ಕಡಲಿಗೆ ಬೆನ್ನು ಕೊಟ್ಟ ಹೊರಸಾಲಿನ ಮನೆಗಳೇ ಅದರ ಕೋಟೆಗೋಡೆ. ಕೆಳಗೆ ಬಂಡೆಯ ತುದಿಯಲ್ಲಿ ಒಂಟಿಯಾಗಿ ನಿಂತ ಪುಟ್ಟ ಬಿಳಿ ಚರ್ಚಿಗೆ ಮೆಟ್ಟಿಲಿಳಿದು ಹೋಗಬಹುದು. ಬೆಟ್ಟಗಳ ಮೇಲೆ ಕಲ್ಲು ಜೋಡಿಸಿ ಮಾಡಿದ ಮೆಟ್ಟಿಲು ಗದ್ದೆಗಳ ನಡುವೆ ಹಳೆಯ ಕಾಲುದಾರಿಗಳಿವೆ.

ಮಿಲೊಸ್: ಬಿಸಿ ಮರಳು, ಬಿಳಿ ಬಂಡೆ

ಮಿಲೊಸ್ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಹರಿತವಾದ ಕಪ್ಪು ಗಾಜಿನಂಥ ಅಬ್ಸಿಡಿಯನ್ ಕಲ್ಲಿಗಾಗಿ ಶಿಲಾಯುಗದ ಜನರೇ ಸಮುದ್ರ ದಾಟಿ ಇಲ್ಲಿಗೆ ಬರುತ್ತಿದ್ದರು. 1820ರಲ್ಲಿ ಹೊಲದಲ್ಲಿ ಸಿಕ್ಕ ಅಮೃತಶಿಲೆಯ ದೇವತೆಯ ವಿಗ್ರಹ ‘ವೀನಸ್ ಡಿ ಮೈಲೊ’ ಎಂಬ ಹೆಸರಿನಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಸೇರಿತು.

ಸರಾಕಿನಿಕೊ ಎಂಬಲ್ಲಿ ಅಲೆ ಮತ್ತು ಗಾಳಿ ಬಿಳಿಯ ಜ್ವಾಲಾಮುಖಿ ಕಲ್ಲನ್ನು ಉಜ್ಜಿ ಉಜ್ಜಿ ನುಣುಪು ಮಾಡಿವೆ. ಗಿಡವಿಲ್ಲ, ನೆರಳಿಲ್ಲ, ಬೆಳಗ್ಗೆ ಎಂಟರೊಳಗೆ ಹೋದರೆ ಕಣ್ಣಿಗೂ ಕಾಲಿಗೂ ಹಿತ. ಕ್ಲೆಫ್ತಿಕೊ ಎಂಬ ಕಡಲ ಗುಹೆಗಳನ್ನು ನೋಡುವ ರೂಢಿಯ ದಾರಿ ದೋಣಿಯದು. ಕ್ಲಿಮಾ ಹಳ್ಳಿಯಲ್ಲಿ ಮೀನುಗಾರರ ‘ಸಿರ್ಮಾತಾ’ ಮನೆಗಳು ನೀರಿಗೆ ತಾಗಿಕೊಂಡೇ ಇವೆ: ಕೆಳಗೆ ದೋಣಿ ಎಳೆದಿಡುವ ಕೋಣೆ, ಮೇಲೆ ವಾಸ. ಕೆಂಪು, ನೀಲಿ, ಹಸಿರು ಬಾಗಿಲುಗಳ ಹೊಸಿಲನ್ನು ಅಲೆ ಬಂದು ತೊಳೆದು ಹೋಗುತ್ತದೆ.

ದ್ವೀಪದ ಒಡಲು ಇನ್ನೂ ತಣಿದಿಲ್ಲ. ಪಾಲಿಯೊಖೊರಿ ಕಡಲತೀರದಲ್ಲಿ ಮರಳಿನಡಿಯ ಕಾವಿನಲ್ಲೇ ಮಾಂಸ, ಮೀನು ಬೇಯಿಸಿ ಬಡಿಸುವವರಿದ್ದಾರೆ. ಟೊಮೆಟೊ, ಈರುಳ್ಳಿ ಹರಡಿ, ಧಾರಾಳವಾಗಿ ಆಲಿವ್ ಎಣ್ಣೆ ಸುರಿದು ಬೇಯಿಸುವ ದಪ್ಪ ರೊಟ್ಟಿ ‘ಲಾದೆನಿಯಾ’ ಇಲ್ಲಿನ ಮತ್ತು ಪಕ್ಕದ ಕಿಮೊಲೊಸ್ ದ್ವೀಪದ ತಿಂಡಿ. ಚೀಸ್ ಇಲ್ಲದೆಯೂ ಮಾಡುವುದರಿಂದ ಸಸ್ಯಾಹಾರಿಗಳಿಗೆ ಹಡಗಿನ ಬುತ್ತಿಗೆ ಹೇಳಿ ಮಾಡಿಸಿದಂತಿದೆ. ಕಲ್ಲಂಗಡಿ ತಿರುಳಿಗೆ ಹಿಟ್ಟು, ಜೇನು, ಎಳ್ಳು ಸೇರಿಸಿ ಬೇಯಿಸುವ ‘ಕರ್ಪುಜೊಪಿತಾ’ ಬೇಸಿಗೆಯ ಸಿಹಿ. ಅಂಚು ಗರಿಗರಿ, ನಡುವೆ ಹಲ್ವದಂತೆ ಮೆದು.

ಸ್ಯಾಂಟೊರಿನಿ: ಬೂದಿಯಲ್ಲಿ ಬೆಳೆದ ಬೇಳೆ

ಸುಮಾರು 3,600 ವರ್ಷಗಳ ಹಿಂದೆ ಭಾರೀ ಜ್ವಾಲಾಮುಖಿ ಸ್ಫೋಟವಾಗಿ ಈ ದ್ವೀಪದ ನಡುಭಾಗ ಕುಸಿಯಿತು. ಅಲ್ಲಿಗೆ ಸಮುದ್ರ ನುಗ್ಗಿ ಇಂದಿನ ‘ಕಾಲ್ಡೆರಾ’ ಆಯಿತು. ಕೆಲವೆಡೆ ಸುಮಾರು 300 ಮೀಟರ್ ಎತ್ತರ ಮುಟ್ಟುವ ಕಡಿದಾದ ಅಂಚಿನ ಮೇಲೆ ಫಿರಾ, ಈಯಾ ಊರುಗಳು ಕೂತಿವೆ. ಹಗುರ ಬೂದಿಕಲ್ಲನ್ನು ಕೊರೆದು ಮಾಡಿದ ಗುಹೆಮನೆಗಳು ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇಂದಿನ ದುಬಾರಿ ಹೋಟೆಲು ಕೋಣೆಗಳಲ್ಲಿ ಎಷ್ಟೋ ಇಂಥವೇ. ಆ ಸ್ಫೋಟದ ಬೂದಿಯಡಿ ಮುಚ್ಚಿಹೋಗಿದ್ದ ಅಕ್ರೊತಿರಿ ಪಟ್ಟಣವನ್ನು 1967ರಿಂದ ಪುರಾತತ್ವಜ್ಞ ಸ್ಪಿರಿದೊನ್ ಮರಿನಾತೊಸ್ ಉತ್ಖನನ ಮಾಡಿದರು. ಭೂಮಿಯ ಚಟುವಟಿಕೆ ನಿಂತಿಲ್ಲ: 1956ರ ಜುಲೈ ಭೂಕಂಪ ಊರುಗಳನ್ನು ಕೆಡವಿತ್ತು, 2025ರ ಫೆಬ್ರುವರಿಯಲ್ಲಿ ಸಾಲುಸಾಲು ಕಂಪನಗಳಿಗೆ ಹೆದರಿ ಸಾವಿರಾರು ಜನ ಕೆಲಕಾಲ ದ್ವೀಪ ಬಿಟ್ಟಿದ್ದರು.

ಸ್ಯಾಂಟೊರಿನಿಯ ‘ಫಾವಾ’ ನೋಡಿದೊಡನೆ ಕನ್ನಡಿಗರು ತೊವ್ವೆ ಎಂದೇ ಅಂದುಕೊಳ್ಳುತ್ತಾರೆ. ಅದೇ ಹಳದಿ, ಅದೇ ಹದ. ಆದರೆ ಇದು ತೊಗರಿಯಲ್ಲ, ನಮ್ಮ ಕೇಸರಿ ಬೇಳೆಯ ಹತ್ತಿರದ ಸಂಬಂಧಿಯಾದ ಬೇರೊಂದು ಕಾಳು. ಅಕ್ರೊತಿರಿಯ ಅಗೆತದಲ್ಲೂ ಈ ಕಾಳು ಸಿಕ್ಕಿದೆ. ಬೇಳೆಯನ್ನು ಈರುಳ್ಳಿಯೊಂದಿಗೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಹಾಕಿ ಕೊಡುತ್ತಾರೆ. ನೀರಾವರಿಯಿಲ್ಲದೆ ಬೆಳೆಯುವ ಪುಟ್ಟ ಟೊಮೆಟೊಗೆ ಹುಳಿಯೂ ಸಿಹಿಯೂ ಹೆಚ್ಚು. ಅದರಿಂದ ಮಾಡುವ ‘ತೊಮಾತೊಕೆಫ್ತೆದೆಸ್’ ನಮ್ಮ ಬೋಂಡಾದ ನೆಂಟ.

ದ್ರಾಕ್ಷಿತೋಟ ನೋಡಿದರೆ ಅದು ತೋಟವೆಂದೇ ಅನಿಸುವುದಿಲ್ಲ. ಚಪ್ಪರವಿಲ್ಲ, ಕಂಬವಿಲ್ಲ. ಬಳ್ಳಿಯನ್ನು ನೆಲಕ್ಕೆ ತಾಗಿದಂತೆ ಬುಟ್ಟಿಯ ಹಾಗೆ ಸುತ್ತಿ ಹೆಣೆದಿರುತ್ತಾರೆ. ಗೊಂಚಲು ಬುಟ್ಟಿಯೊಳಗೆ ಗಾಳಿ, ಮರಳಿನ ಹೊಡೆತ ತಪ್ಪಿಸಿಕೊಂಡು ಹಣ್ಣಾಗುತ್ತದೆ. ಬೂದಿಕಲ್ಲು ರಾತ್ರಿಯ ಮಂಜನ್ನು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. ಅಸಿರ್ತಿಕೊ ಎಂಬ ಬಿಳಿ ವೈನ್, ಬಿಸಿಲಿಗೆ ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್ ವಿನ್‌ಸಾಂತೊ ಇಲ್ಲಿಯವೇ.

ಸಂಜೆಯ ಈಯಾದಲ್ಲಿ ಸೂರ್ಯಾಸ್ತಕ್ಕೆ ಜಾತ್ರೆಯಷ್ಟು ಜನ. ಫಿರಾದಿಂದ ಈಯಾವರೆಗಿನ ಸುಮಾರು 10 ಕಿಲೋಮೀಟರ್ ಅಂಚಿನ ಕಾಲುದಾರಿಯನ್ನು ಬೆಳಗಿನ ಜಾವ ನಡೆದರೆ ಕಾಲ್ಡೆರಾದ ನೋಟ ಸದ್ದಿಲ್ಲದೆ ಸಿಗುತ್ತದೆ. ಸಂಜೆಗೆ ಒಳನಾಡಿನ ಪಿರ್ಗೊಸ್ ಊರಿನ ಎತ್ತರ ಸಾಕು.

ನಾಕ್ಸೊಸ್: ನೀರಿರುವ ದ್ವೀಪ

ಸೈಕ್ಲಡೀಸ್‌ನಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಸಾವಿರ ಮೀಟರ್ ದಾಟುವ ಜಾಸ್ ಬೆಟ್ಟ ಮೋಡಗಳನ್ನು ತಡೆಯುವುದರಿಂದ ಇಲ್ಲಿ ಒರತೆಗಳಿವೆ, ಹಸುಗಳಿವೆ, ಹೊಲಗಳಿವೆ. ನೀರಿನ ಬರವಿರುವ ಮೂರು ದ್ವೀಪ ನೋಡಿ ಬಂದವರಿಗೆ ತಟ್ಟೆಯೇ ಬದಲಾದಂತೆ ಕಾಣುತ್ತದೆ: ಹಸುವಿನ ಹಾಲಿನ ಗ್ರಾವಿಯೆರಾ ಚೀಸ್, ಗ್ರೀಸ್‌ನಲ್ಲೆಲ್ಲ ಹೆಸರಾದ ಆಲೂಗಡ್ಡೆ. ಇಲ್ಲಿನವರು ಆಲೂಗಡ್ಡೆಯನ್ನು ಆಲಿವ್ ಎಣ್ಣೆಯಲ್ಲಿ ಕರಿದು, ಮೇಲೆ ಚೀಸ್ ತುರಿದು ತಿನ್ನುತ್ತಾರೆ.

ಹಾಲ್ಕಿ ಹಳ್ಳಿಯಲ್ಲಿ 1896ರಿಂದ ನಡೆದುಬಂದ ಭಟ್ಟಿಯಲ್ಲಿ ‘ಕಿತ್ರೊನ್’ ಮದ್ಯ ತಯಾರಾಗುತ್ತದೆ. ಅದರ ಮೂಲ ನಾವು ಉಪ್ಪಿನಕಾಯಿ ಹಾಕುವ ಮಾದಲ ಹಣ್ಣಿನ ಗಿಡ. ಆದರೆ ಇಲ್ಲಿ ಹಣ್ಣಿಗಿಂತ ಎಲೆಗೆ ಬೆಲೆ: ಎಲೆಯನ್ನು ಬಟ್ಟಿಯಿಳಿಸಿ ಸುವಾಸನೆ ತೆಗೆಯುತ್ತಾರೆ. ಮದ್ಯ ಮುಟ್ಟದವರು ಆ ಹಣ್ಣಿನ ಸಿಪ್ಪೆಯನ್ನು ಸಕ್ಕರೆಪಾಕದಲ್ಲಿಟ್ಟ ಸಿಹಿಯನ್ನು ತಿನ್ನಬಹುದು.

ಹಡಗು ಬಂದರಿಗೆ ಬರುವಾಗಲೇ ‘ಪೊರ್ತಾರಾ’ ಕಾಣುತ್ತದೆ. ಕ್ರಿ.ಪೂ. 530ರ ಸುಮಾರಿಗೆ ಆರಂಭಿಸಿ ಅರ್ಧಕ್ಕೆ ಬಿಟ್ಟ ದೇವಾಲಯದ ಅಮೃತಶಿಲೆಯ ಬಾಗಿಲುವಾಡ ಅದು. ಗೋಡೆಯಿಲ್ಲ, ಮಾಡಿಲ್ಲ, ಬಾಗಿಲಷ್ಟೇ ನಿಂತಿದೆ, ಸಂಜೆ ಸೂರ್ಯ ಅದರ ಚೌಕಟ್ಟಿನೊಳಗೆ ಇಳಿಯುತ್ತಾನೆ.

ಸಸ್ಯಾಹಾರಿಗಳಿಗೆ, ಊಟದ ವಾಡಿಕೆಗಳು

ಗ್ರೀಕ್ ಚರ್ಚಿನ ಉಪವಾಸದ ದಿನಗಳು ಬಹಳ. ಆಗ ಮಾಂಸ, ಮೊಟ್ಟೆ, ಹಾಲು ಇಲ್ಲದ ‘ನಿಸ್ತಿಸಿಮೊ’ ಅಡುಗೆ ಮಾಡುತ್ತಾರೆ. ಆದರೆ ಅದರಲ್ಲಿ ಸಿಗಡಿ, ಬೊಂಡಾಸು ಇರಬಹುದು, ಕೇಳಿಯೇ ತಿನ್ನಬೇಕು. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗೆ ‘ಲಾದೆರಾ’, ಬೇಯಿಸಿ ನಿಂಬೆ ಹಿಂಡಿದ ಸೊಪ್ಪಿಗೆ ‘ಹೊರ್ತಾ’, ಕಡಲೆಯ ವಡೆಗೆ ‘ರೆವಿಥೊಕೆಫ್ತೆದೆಸ್’ ಎನ್ನುತ್ತಾರೆ. ಅನ್ನ ತುಂಬಿದ ಟೊಮೆಟೊ ‘ಗೆಮಿಸ್ತಾ’ದಲ್ಲಿ ಕೆಲವೊಮ್ಮೆ ಖೀಮಾ ಸೇರಿರುತ್ತದೆ. ‘ಹೊರಿಸ್ ಕ್ರೆಅಸ್’, ಅಂದರೆ ಮಾಂಸವಿಲ್ಲದೆ ಎಂಬ ಎರಡು ಪದ ಕಲಿತರೆ ಕೆಲಸ ಸಲೀಸು.

ಮಧ್ಯಾಹ್ನದ ಊಟ ಎರಡರ ನಂತರ, ರಾತ್ರಿಯದು ಒಂಬತ್ತರ ಮೇಲೆ. ತಟ್ಟೆಗಳನ್ನು ಮೇಜಿನ ನಡುವೆ ಇಟ್ಟು ಹಂಚಿಕೊಂಡು ತಿನ್ನುವುದು ವಾಡಿಕೆ. ಮೀನಿಗೆ ಕಿಲೋ ಲೆಕ್ಕದ ಬೆಲೆ. ಆರಿಸಿ, ತೂಕ ಹಾಕಿಸಿ, ದರ ಕೇಳಿಕೊಂಡೇ ಒಪ್ಪಬೇಕು. ಕೇಳದೆ ಬಂದ ಬ್ರೆಡ್ಡಿಗೂ ಬಿಲ್ಲಿನಲ್ಲಿ ಹಣ ಸೇರಿರಬಹುದು.

ವೀಸಾ, ಮತ್ತು ಗಾಳಿಗೊಂದು ದಿನ

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಗಾಳಿ ಮಿತಿ ಮೀರಿದರೆ ಬಂದರಿನ ಅಧಿಕಾರಿಗಳು ಹಡಗು ತಡೆಯುತ್ತಾರೆ, ಯಾರ ವಿಮಾನ ತಪ್ಪಿದರೂ ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಅಥೆನ್ಸ್‌ನಲ್ಲಿ ಆ ಕೊನೆಯ ರಾತ್ರಿ. ಹಡಗು ನಿಂತರೆ ಅದೇ ರಾತ್ರಿಯನ್ನು ನಾಕ್ಸೊಸ್‌ನಲ್ಲಿ ಕಳೆದರಾಯಿತು: ಗಾಳಿ ತಾಗದ ಮೇಜು ಹುಡುಕಿ ಕೂತು, ಇನ್ನೊಂದು ತಟ್ಟೆ ಆಲೂಗಡ್ಡೆ ಹೇಳುವುದು. ದ್ವೀಪದವರು ಅಂಥ ದಿನ ಮಾಡುವುದೂ ಅದನ್ನೇ.